ನೆದರ್ ಹೋಲ್ಟ್ ಊರಿಗೆ ಹಾಕಿದ ಕತ್ತರಿ

ಬಹರೈನ್‌ನ ಬುಸೈತೀನ್‌ನಲ್ಲಿರುವ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಪಾತ್ರೆ ಒರೆಸುವ ಬಟ್ಟೆಯೊಂದಿದೆ. ಅದು ಬಂದು ಒಂದೂವರೆ ವರ್ಷವಾಯಿತು. ಹೋದ ವಾರದವರೆಗೆ ಒಂದು ಚಮಚವನ್ನೂ ಒರೆಸಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಹಸಿರು ಗೆರೆಯಲ್ಲಿ ಒಂದು ಊರಿನ ಚಿತ್ರ. ಎಡಕ್ಕೆ ತುಸು ವಾಲಿದ ಗೋಪುರದ ಚರ್ಚು, ಅದರ ಮುಂದೆ ಕೆರೆ, ಕೆರೆಯಲ್ಲಿ ಮೂರು ಬಾತುಕೋಳಿ, ಒಂದು ಪಬ್ಬು, ಒಂದು ಬಸ್ ತಂಗುದಾಣ, ಒಂದು ಕೈಪಂಪು. ಉಳಿದದ್ದೆಲ್ಲ ಮನೆಗಳು. ಕೆಳಗೆ ಊರಿನ ಹೆಸರು: ನೆದರ್ ಹೋಲ್ಟ್.

ಡ್ರಾಯರ್ ತೆರೆದಾಗಲೆಲ್ಲ ನನ್ನ ಹೆಂಡತಿ ನಫೀಸಾ ಅದನ್ನು ಎತ್ತಿ ನೋಡುತ್ತಿದ್ದಳು.

"ಒರೆಸಲಿಕ್ಕೆ ಅಂತ ಕಳಿಸಿದ್ದನ್ನು ಒರೆಸಲಿಕ್ಕೆ ಬಿಡುದಿಲ್ಲ. ಗೋಡೆಗೆ ಹಾಕುವ ಅಂದ್ರೆ ಅದಕ್ಕೂ ಬಿಡುದಿಲ್ಲ. ಮತ್ತೆ ಎಂತಕ್ಕೆ ಇದು?"

"ಇರಲಿ ಬಿಡು."

"ಇರಲಿ, ಇರಲಿ. ಈ ಮನೆಯಲ್ಲಿ ಸುಖದಲ್ಲಿ ಇರುದು ಇದೊಂದೇ."

ಆ ಊರಿಗೆ ನಾನು ಹೋದವನಲ್ಲ. ಇಂಗ್ಲೆಂಡಿಗೇ ಹೋದವನಲ್ಲ. ಆದರೂ ಕೈಪಂಪಿನ ಪಕ್ಕದ ಮನೆಯ ಹೆಂಗಸಿಗೆ ಯಾವ ಕಾಲಿನ ಮೊಣಗಂಟು ನೋಯುತ್ತಿತ್ತು ಎಂಬುದು ನನಗೆ ಗೊತ್ತು. ಎಡಗಾಲಿನದು. ಆಕೆ ತೀರಿಕೊಂಡು ಎಷ್ಟೋ ಕಾಲವಾಗಿದೆ.

ಇದನ್ನೆಲ್ಲ ನನಗೆ ತಗುಲಿಸಿದವರು ಹೆರಾಲ್ಡ್. ಮನಾಮಾದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಉಪಸಂಪಾದಕ. ಅವರು ನಮ್ಮ ಡೆಸ್ಕಿನ ಮುಖ್ಯಸ್ಥರು. ಮೂವತ್ತೊಂದು ವರ್ಷ ಅದೇ ಕುರ್ಚಿ, ಅದೇ ಚಹಾದ ಮಗ್ಗು. ಮಾತು ಕಡಿಮೆ. ನಾನು ಕೊಟ್ಟ ತಲೆಬರಹ ಚೆನ್ನಾಗಿದ್ದರೆ "ಪರವಾಗಿಲ್ಲ" ಎನ್ನುತ್ತಿದ್ದರು. ಬಹಳ ಚೆನ್ನಾಗಿದ್ದರೆ ಏನೂ ಅನ್ನುತ್ತಿರಲಿಲ್ಲ. ಇದು ಅವರೊಬ್ಬರ ಸ್ವಭಾವ ಎಂದುಕೊಂಡಿದ್ದೆ. ಅವರು ಹುಟ್ಟಿದ ನೆದರ್ ಹೋಲ್ಟ್ ಊರಿಗೆ ಊರೇ ಹಾಗೆ ಎಂದು ಆಮೇಲೆ ತಿಳಿಯಿತು.

ಇಂಗ್ಲೆಂಡಿನ ಹಳ್ಳಿಯೊಂದನ್ನು ನಾನು ಮೊದಲು ಕಂಡದ್ದು ಮೂಲ್ಕಿಯ ಹತ್ತಿರದ ನಮ್ಮ ಹೊಳೆಬದಿಯ ಶಾಲೆಯಲ್ಲಿ, ಇಂಗ್ಲಿಷ್ ಪಾಠಪುಸ್ತಕದ ಒಂದು ಚಿತ್ರದಲ್ಲಿ. ಅಲ್ಲೂ ಕೆರೆ, ಅಲ್ಲೂ ಬಾತುಕೋಳಿ. ಮೀನು ಹಿಡಿಯುವವರ ಮಕ್ಕಳೇ ತುಂಬಿದ್ದ ತರಗತಿ ನಮ್ಮದು. ಇಷ್ಟು ನೀರಿದ್ದೂ ಒಬ್ಬನೂ ಬಲೆ ಹಾಕಿಲ್ಲವೇಕೆ ಎಂದು ಯಾರೋ ಕೇಳಿದರು. ಟೀಚರು ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಅವರು ಈಗಷ್ಟೇ ಊಟ ಮಾಡಿದ್ದಾರೆ" ಎಂದರು. ಆ ಉತ್ತರ ನನಗೆ ಬಹಳ ವರ್ಷ ಸಾಕಾಗಿತ್ತು.

ಒಂದು ಏಪ್ರಿಲ್ ಸಂಜೆ ಹೆರಾಲ್ಡ್ ನನ್ನ ಮೇಜಿನ ಮೇಲೆ ನೀಲಿ ರಟ್ಟಿನ ನೋಟುಪುಸ್ತಕಗಳ ಜೆರಾಕ್ಸ್ ಕಟ್ಟೊಂದನ್ನು ಇಟ್ಟರು. ನೆದರ್ ಹೋಲ್ಟಿನ ಚರಿತ್ರೆ; ಬರೆದವರು ಅವರ ಅಕ್ಕ ಡೊರೊತಿ. ಊರಿನ ಶಾಲೆಯಲ್ಲಿ ಟೀಚರಾಗಿದ್ದವರು. ಆ ಶಾಲೆ ಮುಚ್ಚಿದೆ, ಡೊರೊತಿಗೆ ಎಂಬತ್ತು ದಾಟಿದೆ, ಕಣ್ಣು ದಿನದಿನಕ್ಕೆ ಹೋಗುತ್ತಿದೆ. ಚಳಿಗಾಲದ ಹೊತ್ತಿಗೆ ಅಕ್ಷರ ಕಾಣುವುದಿಲ್ಲ ಎಂದು ಡಾಕ್ಟರರು ಹೇಳಿಯಾಗಿತ್ತು.

"ಆಗಸ್ಟ್ ರಜೆಗೆ ಹೋಗುವಾಗ ಪುಸ್ತಕ ನನ್ನ ಪೆಟ್ಟಿಗೆಯಲ್ಲಿರಬೇಕು" ಎಂದರು ಹೆರಾಲ್ಡ್. "ದೊಡ್ಡ ಅಕ್ಷರದಲ್ಲಿ. ಅವಳೇ ಓದುವಂತಿರಬೇಕು. ಬೇರೆಯವರಿಂದ ಓದಿಸಿಕೊಳ್ಳುವುದು ಅವಳಿಗೆ ಆಗುವುದಿಲ್ಲ."

"ನೀವೇ ತಿದ್ದಬಹುದಲ್ಲ?"

"ನನ್ನ ಮನೆಯ ಸುದ್ದಿಗೆ ನಾನೇ ಕತ್ತರಿ ಹಾಕಬಾರದು. ನೀನು ಹಾಕು."

ಇದು ನಮ್ಮ ಡೆಸ್ಕಿನ ನಿಯಮ. ನೆಂಟರ ಸುದ್ದಿಯನ್ನು ಬೇರೆಯವರೇ ನೋಡಬೇಕು. ಹೀಗಾಗಿ ಇಂಗ್ಲೆಂಡಿನ ಒಂದು ಮೂಲೆಯ ಊರಿನ ಚರಿತ್ರೆಯನ್ನು ತಿದ್ದುವ ಕೆಲಸ ಮೂಲ್ಕಿ ಕಡೆಯ ಬ್ಯಾರಿಯೊಬ್ಬನಿಗೆ ಬಂತು. ಪುಟ ಕಟ್ಟುವ ಕೆಲಸ ಕಾಪುವಿನ ಸದಾನಂದನಿಗೆ. ಸದಾನಂದ ನಮ್ಮ ಪತ್ರಿಕೆಯಲ್ಲಿ ಪುಟವಿನ್ಯಾಸ ಮಾಡುವವನು. ಹೆರಾಲ್ಡರನ್ನು ಅವರ ಬೆನ್ನಹಿಂದೆ ಅಜ್ಜೇರು ಎಂದು ಕರೆಯುತ್ತಿದ್ದ. ಅದು ತನಗೆ ಗೊತ್ತಿದೆ ಎಂಬುದನ್ನು ಅಜ್ಜೇರು ತೋರಿಸಿಕೊಳ್ಳುತ್ತಿರಲಿಲ್ಲ.

ನೆದರ್ ಹೋಲ್ಟಿನ ಚರಿತ್ರೆಯಲ್ಲಿ ಅತಿ ದೊಡ್ಡ ಘಟನೆಯೆಂದರೆ ಅಲ್ಲಿಗೆ ರೈಲು ಬಾರದಿದ್ದದ್ದು. ಹಳೆಯ ಕಾಲದಲ್ಲಿ ಹಳಿ ಹಾಕುವವರು ಸರಪಳಿ ಹಿಡಿದು ಅಳೆಯಲು ಬಂದಿದ್ದರಂತೆ. ಅಲ್ಲಿನ ಜಮೀನ್ದಾರ, ತನ್ನ ಬೇಟೆಯ ಮೊಲಗಳು ಹೆದರುತ್ತವೆ ಎಂದು ಅವರನ್ನು ವಾಪಸು ಕಳಿಸಿದ. ರೈಲು ಪಕ್ಕದ ಊರಿಗೆ ಹೋಯಿತು. ಅದು ಬೆಳೆದು ಪಟ್ಟಣವಾಯಿತು. ನೆದರ್ ಹೋಲ್ಟಿಗೆ ಮೊಲ ಉಳಿಯಿತು. ಹೊಲ, ಕುರಿ, ಉಣ್ಣೆ, ಯುದ್ಧಕ್ಕೆ ಹೋದವರ ಹೆಸರು ಕೆತ್ತಿದ ಒಂದು ಕಲ್ಲು, ಮತ್ತೆ ಕುರಿ. ನಡೆಯದೆ ಹೋದದ್ದು ಸುದ್ದಿಯಲ್ಲ ಎಂದು ಕಲಿತವನು ನಾನು. ಡೊರೊತಿ ಅದಕ್ಕೆ ನಾಲ್ಕು ಪುಟ ಕೊಟ್ಟಿದ್ದರು. ನಾನು ಒಂದಕ್ಕೆ ಇಳಿಸಿದೆ.

ಕೆರೆಯ ವಿಷಯದಲ್ಲಿ ಅವರು ಬರೆದದ್ದು ಒಂದೇ ಸಾಲು: "ನಮ್ಮ ಕೆರೆ ಒಣಗುವುದಿಲ್ಲ." ಯಾರು ಹೇಳಿದ್ದು? ಯಾವಾಗಿನಿಂದ? ನನ್ನ ಕೈ ತಾನಾಗಿ ಹೋಗಿ, "ಕೆರೆಯು ಈವರೆಗೆ ಒಣಗಿಲ್ಲ ಎಂದು ಸ್ಥಳೀಯರು ಹೇಳುತ್ತಾರೆ" ಎಂದು ತಿದ್ದಿತು. ವಾಲಿದ ಗೋಪುರವನ್ನು "ವಾಲಿದಂತೆ ಕಾಣುವ" ಎಂದು ಮಾಡಿದೆ. ಇಪ್ಪತ್ತು ವರ್ಷಗಳಿಂದ ಇರುವ ಒಂದು ಕುಟುಂಬವನ್ನು ಊರಿನವರು ಇನ್ನೂ "ಹೊಸಬರು" ಎನ್ನುತ್ತಾರೆ ಎಂದಿತ್ತು. ಹೊಸಬರ ಅಭಿಪ್ರಾಯವನ್ನೂ ಕೇಳಬೇಕಿತ್ತು ಎಂದು ಅಂಚಿನಲ್ಲಿ ಬರೆದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಒಂದು ಭಾಗವನ್ನು ಮಾತ್ರ ಮುಟ್ಟಲಿಲ್ಲ. ಪ್ರತಿ ವಸಂತದಲ್ಲಿ ಪಾದ್ರಿಯನ್ನು ಮುಂದಿಟ್ಟುಕೊಂಡು ಊರಿನವರು ಊರಿನ ಗಡಿಯ ಸುತ್ತ ನಡೆಯುತ್ತಿದ್ದರಂತೆ. ಗಡಿಕಲ್ಲು ಸಿಕ್ಕಲ್ಲೆಲ್ಲ ಮಕ್ಕಳನ್ನು ಎತ್ತಿ ಅವರ ತಲೆಯನ್ನು ಮೆಲ್ಲಗೆ ಆ ಕಲ್ಲಿಗೆ ತಾಗಿಸುತ್ತಿದ್ದರು. ಕಾಗದದಲ್ಲಿ ಬರೆದಿಟ್ಟದ್ದು ಸುಟ್ಟುಹೋಗಬಹುದು. ತಲೆಗೆ ತಾಗಿದ ಕಲ್ಲನ್ನು ಯಾರೂ ಮರೆಯುವುದಿಲ್ಲ ಎಂಬ ಲೆಕ್ಕಾಚಾರ. ಡೊರೊತಿಯ ತಲೆಗೂ ತಾಗಿಸಿದ್ದರು. ಕಣ್ಣು ಪೂರ್ತಿ ಹೋದ ಮೇಲೂ ಆ ಕಲ್ಲುಗಳನ್ನು ತೋರಿಸಬಲ್ಲೆ ಎಂದು ಬರೆದಿದ್ದರು. ನಮ್ಮ ಮದ್ರಸದ ಉಸ್ತಾದರೂ ಇದೇ ಪಂಥದವರು. ಅವರು ಕಲ್ಲಿಗೆ ಬದಲು ಬೆರಳಿನ ಗೆಣ್ಣು ಉಪಯೋಗಿಸುತ್ತಿದ್ದರು. ಹಾಗೆ ಕಲಿತದ್ದು ಇಂದಿಗೂ ಒಂದಕ್ಷರ ತಪ್ಪದೆ ಬರುತ್ತದೆ. ಆದ್ದರಿಂದ ಈ ಭಾಗಕ್ಕೆ ಬೇರೆ ಸಾಕ್ಷಿ ಕೇಳಲಿಲ್ಲ.

ತೊಂದರೆ ಬಂದದ್ದು ಪುಟಗಳಿಂದ. ನಡುವೆ ಪಿನ್ನು ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕು ನಾಲ್ಕಾಗಿಯೇ ಏರಬೇಕು. ಮನಾಮಾದ ಹಳೆಯ ಸೂಕ್ ಪೇಟೆಯ ಹಿಂದಿದ್ದ ಮುದ್ರಣಾಲಯಕ್ಕೆ ಮೂವತ್ತೆರಡು ಎಂದು ಹೇಳಿಯಾಗಿತ್ತು. ದೊಡ್ಡ ಅಕ್ಷರಕ್ಕೆ ಲೆಕ್ಕ ಹಾಕಿ ನೋಡಿದರೆ ಒಂಬತ್ತು ಪುಟ ಹೆಚ್ಚಾಗುತ್ತಿತ್ತು. ನೋಟುಪುಸ್ತಕದ ಕೊನೆಯಲ್ಲಿ "ಮನೆಗಳು" ಎಂಬ ಅಧ್ಯಾಯವಿತ್ತು. ಚರ್ಚಿನ ಗೇಟಿನಿಂದ ಶುರುಮಾಡಿ ಒಂದೊಂದೇ ಮನೆ; ಯಾರಿದ್ದರು, ಹೇಗಿದ್ದರು. ಘಟನೆಯಿಲ್ಲ, ಇಸವಿಯಿಲ್ಲ. ಸರಿಯಾಗಿ ಒಂಬತ್ತು ಪುಟ.

ಅಡ್ಡಗೆರೆ ಎಳೆದೆ. ಅದರಲ್ಲಿ ಡೊರೊತಿಯದೇ ಮನೆಯ ಬಗ್ಗೆ ಇದ್ದ ಎರಡು ಸಾಲನ್ನು ಮಾತ್ರ ಲೇಖಕಿಯ ಪರಿಚಯಕ್ಕೆಂದು ಉಳಿಸಿಕೊಂಡೆ. ಅಲ್ಲೂ ಒಂದು ತಪ್ಪಿತ್ತು. "ಪಂಪಿನಿಂದ ನಾಲ್ಕನೆಯದು ನಮ್ಮದು. ತಮ್ಮ ಹೆರಾಲ್ಡ್ ಸದ್ಯ ಊರಿನಲ್ಲಿಲ್ಲ" ಎಂದಿತ್ತು. ಮೂವತ್ತೊಂದು ವರ್ಷಕ್ಕೆ ಸದ್ಯ ಎನ್ನಲಾಗುವುದಿಲ್ಲ. "ತಮ್ಮ ಹೆರಾಲ್ಡ್ ಮೂವತ್ತೊಂದು ವರ್ಷಗಳಿಂದ ಬಹರೈನ್‌ನಲ್ಲಿ ನೆಲೆಸಿದ್ದಾರೆ" ಎಂದು ಸರಿಪಡಿಸಿದೆ.

ಸದಾನಂದ ಪುಟ ಕಟ್ಟುತ್ತಾ ಕೇಳಿದ. "ಹಮೀದಣ್ಣ, ಈ ಮನೆಗಳನ್ನೆಲ್ಲ ತೆಗೆದ್ರೆ ಊರಲ್ಲಿ ಎಂತ ಉಳಿಯಿತು? ಒಂದು ಚರ್ಚು, ಮೂರು ಬಾತುಕೋಳಿ."

"ಓದುಗರಿಗೆ ಅದೆಲ್ಲ ಬೇಡ."

"ಓದುಗರು ಅಂದ್ರೆ ಯಾರು?"

ನಾನು ಮುಂದಿನ ಹಾಳೆ ತಿರುವಿದೆ.

"ಆ ಊರಿನವರೇ ಅಲ್ವಾ ಮಾರಾಯ್ರೆ?"

"ನೀನು ಪುಟ ಮಾಡು" ಎಂದೆ. ಪುಸ್ತಕದ ಕೊನೆಯ ವಾಕ್ಯ ಮೂವತ್ತೆರಡನೆಯ ಪುಟದ ಕೊನೆಯ ಸಾಲಿನಲ್ಲೇ ಮುಗಿಯಿತು. ಇಂಥ ಹೊಂದಾಣಿಕೆ ಕಂಡಾಗ ಉಪಸಂಪಾದಕನಿಗಾಗುವ ಸಂತೋಷ ಬೇರೆಯವರಿಗೆ ಅರ್ಥವಾಗುವುದಿಲ್ಲ. ಆ ದಿನ ಇಬ್ಬರಿಗೂ ನಾನೇ ಕರಕ್ ಚಹಾ ತರಿಸಿದೆ.

ಹೆರಾಲ್ಡ್ ತಮ್ಮ ನಿಯಮದಂತೆ ಪುಟಗಳನ್ನು ನೋಡಲಿಲ್ಲ. ಕರಡು ಮೊದಲು ಬರೆದವರ ಕೈಗೆ ಹೋಗಬೇಕು ಎಂದು, ನಾನು ತಿದ್ದಿದ ಜೆರಾಕ್ಸನ್ನೂ ಹೊಸ ಪುಟಗಳನ್ನೂ ಸೇರಿಸಿ ಅಕ್ಕನಿಗೆ ಕೊರಿಯರ್ ಮಾಡಿದರು. ಜುಲೈ ಕೊನೆಗೆ ಲಕೋಟೆ ವಾಪಸು ಬಂತು. ಹೆರಾಲ್ಡರ ವಿಮಾನಕ್ಕೆ ಹತ್ತು ದಿನವಿತ್ತು.

ಅವರು ಅದನ್ನು ನನ್ನ ಮುಂದಿಟ್ಟು, "ನೋಡು" ಎಂದರು.

ನಮ್ಮ ಕಸುಬಿನಲ್ಲಿ ಒಂದು ಗುರುತಿದೆ. ಹೊಡೆದುಹಾಕಿದ ಪದವನ್ನು ಮತ್ತೆ ಉಳಿಸಬೇಕೆಂದರೆ ಅದರ ಕೆಳಗೆ ಚುಕ್ಕಿಗಳನ್ನಿಡುತ್ತೇವೆ. ಇದ್ದ ಹಾಗೇ ಇರಲಿ ಎಂದು ಅದರರ್ಥ. ಹೆರಾಲ್ಡ್ ಹುಡುಗನಾಗಿದ್ದಾಗ, ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದ ಉತ್ಸಾಹದಲ್ಲಿ, ಇದನ್ನು ಅಕ್ಕನಿಗೆ ಕಲಿಸಿದ್ದರಂತೆ. ಡೊರೊತಿ ಮರೆತಿರಲಿಲ್ಲ. ಒಂಬತ್ತು ಪುಟಗಳ ಪ್ರತಿಯೊಂದು ಸಾಲಿನ ಕೆಳಗೂ ಪೆನ್ಸಿಲಿನ ಚುಕ್ಕಿಗಳಿದ್ದವು. ಕಣ್ಣು ಮಂಜಾದವರು ಇಟ್ಟ ಚುಕ್ಕಿಗಳು. ಕೆಲವು ಸಾಲಿನ ಮೇಲೆಯೇ ಹತ್ತಿದ್ದವು, ಕೆಲವು ಅಂಚು ದಾಟಿ ಹೋಗಿದ್ದವು. ಪುಟ ಮುಗಿಯುವವರೆಗೆ ಕೈ ಬಿಟ್ಟಿರಲಿಲ್ಲ. ಮೊದಲ ಪುಟದ ಮೂಲೆಯಲ್ಲಿ ಒಂದು ಪ್ರಶ್ನೆ: "ಜನ ಎಲ್ಲಿ ಹೋದರು?"

ನಾನು ಸರಿಪಡಿಸಿದ ಹೆರಾಲ್ಡರ ಸಾಲನ್ನು ಅವರು ಹೊಡೆದುಹಾಕಿದ್ದರು. ನಾನು ಹೊಡೆದಿದ್ದ "ಸದ್ಯ"ದ ಕೆಳಗಿನ ಚುಕ್ಕಿಗಳು ಉಳಿದವಕ್ಕಿಂತ ದಪ್ಪವಾಗಿದ್ದವು.

"ನಾನಾಗಿದ್ದರೂ ಇದನ್ನೇ ಕತ್ತರಿಸುತ್ತಿದ್ದೆ" ಎಂದರು ಹೆರಾಲ್ಡ್. ಅದು ನನ್ನನ್ನು ಸಮಾಧಾನಪಡಿಸಲು ಹೇಳಿದ ಮಾತಲ್ಲ. ಅವರಿಗೆ ಆ ಅಭ್ಯಾಸವಿಲ್ಲ. ಆ ಸಾಲಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ಇತ್ತು. ಬಳಿಕ ಕನ್ನಡಕ ತೆಗೆದು ಒರೆಸಿ, ಆ ದಿನದ ಮುಖಪುಟ ನೋಡಲು ಹೋದರು.

ಮುದ್ರಣಾಲಯದವರು ಭಾನುವಾರ ಬೆಳಿಗ್ಗೆ ಫೈಲು ಕೊಟ್ಟರೆ ಮಾತ್ರ ಆಗುತ್ತದೆ ಎಂದರು. ಆ ಒಂಬತ್ತು ಪುಟಗಳನ್ನು ನಾವು ಟೈಪೇ ಮಾಡಿರಲಿಲ್ಲ. ಶುಕ್ರವಾರ ಜುಮ್ಮಾ ಮುಗಿಸಿ ಆಫೀಸಿಗೆ ಹೋದೆ. ರಜಾದಿನವಾದರೂ ಸದಾನಂದ ಬಂದಿದ್ದ. ಅವನು ಓದುವುದು, ನಾನು ಟೈಪ್ ಮಾಡುವುದು ಎಂದಾಯಿತು.

"ಪಂಪಿನ ಪಕ್ಕದ ಮನೆ, ಪ್ರಾಟ್. ಕೆಟ್ಟ ಎಡ ಮೊಣಕಾಲು, ಒಳ್ಳೆಯ ಪ್ಲಮ್ ಹಣ್ಣು." ಅವನು ನಿಲ್ಲಿಸಿದ. "ಇಷ್ಟೇ. ಒಂದು ಜನ್ಮ ಮುಗಿಯಿತು."

"ಮುಂದೆ ಓದು."

"ಅದರಾಚೆ ಅಣ್ಣ ತಮ್ಮಂದಿರ ಜೋಡಿಮನೆ. ಇಬ್ಬರಿಗೂ ಮಾತಿಲ್ಲ. ನಡುಗೋಡೆಗೆ ಒರಗಿಸಿದ ಏಣಿ ಒಂದೇ. ಬೇಕಾದವರು ತೆಗೆದುಕೊಂಡು ಹೋಗಿ ಅಲ್ಲೇ ತಂದಿಡುತ್ತಿದ್ದರು." ಸದಾನಂದ ಹಾಳೆ ಕೆಳಗಿಟ್ಟ. "ಹಮೀದಣ್ಣ, ಇದು ನಮ್ಮ ದೊಡ್ಡಪ್ಪ ಮತ್ತೆ ಅಪ್ಪ. ನಮ್ಮಲ್ಲಿ ಏಣಿ ಅಲ್ಲ, ಬಾವಿಯ ಹಗ್ಗ. ಮಾತಿಲ್ಲ, ಕತೆಯಿಲ್ಲ. ಆದ್ರೆ ಹಗ್ಗ ಸವೆದ ಕೂಡ್ಲೇ ಯಾರಾದ್ರೊಬ್ಬರು ಹೊಸತು ತಂದು ಹಾಕ್ತಿದ್ದರು. ಯಾರು ಅಂತ ಕೇಳುವ ಹಾಗಿಲ್ಲ."

"ಕೊನೆಗೆ ಮಾತಾಡಿದರಾ?"

"ಬೋರ್‌ವೆಲ್ ತೆಗೆಸಿದರು. ಮತ್ತೆ ಹಗ್ಗವೂ ಇಲ್ಲ."

ಬೇಕರಿಯಿದ್ದ ಮನೆ ಬಂತು. ಬೇಕರಿ ಮುಚ್ಚಿ ಬಹಳ ಕಾಲವಾದರೂ ಮಳೆ ಬಂದ ದಿನ ಅದರ ಗೋಡೆ ಬ್ರೆಡ್ಡಿನ ವಾಸನೆ ಬಿಡುತ್ತದೆ ಎಂದಿತ್ತು. ಪಕ್ಕದಲ್ಲಿ ನನ್ನದೇ ಕೆಂಪು ಅಕ್ಷರ: ಆಧಾರ? ಸದಾನಂದ ಅದನ್ನೂ ಗಟ್ಟಿಯಾಗಿ ಓದಿ ನನ್ನ ಮುಖ ನೋಡಿದ. ಇಲ್ಲಿನ ಹಮದ್ ಟೌನಿನಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಎಷ್ಟನೆಯ ರೌಂಡಬೌಟು ಎಂದು ಹೇಳುತ್ತಾರೆ. ನೆದರ್ ಹೋಲ್ಟಿನಲ್ಲಿ ಸತ್ತವರ ಹೆಸರು ಹೇಳುತ್ತಾರೆ. ಈಗ ಯಾರೇ ಇರಲಿ, ಅದು ಪ್ರಾಟ್ ಮನೆಯೇ. ಇಷ್ಟು ವಿಷಯ ಟೈಪ್ ಮಾಡುವಾಗ ನನ್ನ ತಲೆಗೆ ಹೋಯಿತು. ಮೊದಲು ಓದಿದಾಗ ನಾನು ಪುಟವನ್ನಷ್ಟೇ ಎಣಿಸಿದ್ದೆ.

ಆ ಸಂಜೆ ಮನೆಗೆ ಬಂದವನು ಊಟದ ಮೇಜಿನಲ್ಲಿ ಹಾಳೆ ಹಿಡಿದು ಕುಳಿತೆ. ಹೊಳೆಬದಿಯ ನಮ್ಮ ಓಣಿಯನ್ನು ಡೊರೊತಿಯ ಹಾಗೆ ಮಸೀದಿಯ ಗೇಟಿನಿಂದ ಶುರುಮಾಡಿ ಬರೆಯುವುದೆಂದು. ಐದು ಮನೆ ಸರಾಗವಾಗಿ ಬಂತು. ಆರನೆಯದಕ್ಕೆ ಪೆನ್ನು ನಿಂತಿತು. ಹಸಿರು ಬಾಗಿಲು ನೆನಪಿದೆ, ಅಂಗಳದ ನುಗ್ಗೆಮರ ನೆನಪಿದೆ, ಮನೆ ಯಾರದೆಂದು ನೆನಪಿಲ್ಲ.

ನಫೀಸಾ ಮೀನಿನ ತಟ್ಟೆ ತಂದಿಟ್ಟಳು. "ಎಂತ ಬರೆಯುದು?"

"ನಮ್ಮ ಓಣಿಯಲ್ಲಿ ಮಸೀದಿಯ ಬಾಂಗಿನ ಕೋಣೆಯ ಎದುರಿಗೆ, ನುಗ್ಗೆಮರದ ಮನೆ ಯಾರದ್ದು?"

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ಮೈಮೂನತ್ತೆಯದ್ದು. ನಿಜವಾಗ್ಲೂ ಮರೆತದ್ದಾ?"

"ಹೌದು, ಈಗ ನೆನಪಾಯ್ತು."

"ಆಗ್ಬೇಕು. ನೀವು ನನ್ನನ್ನು ನೋಡಲಿಕ್ಕೆ ಬಂದದ್ದು ಅದೇ ಮನೆಗೆ. ಶರಬತ್ತು ಚೆಲ್ಲಿ ಹೋದದ್ದು."

ನಾನು ಹಾಳೆ ಮಡಚಿದೆ. ಉಳಿದ ಮನೆಗಳನ್ನು ಅವಳೇ ಹೇಳಿದಳು, ತಟ್ಟೆ ತೊಳೆಯುತ್ತಾ, ಒಂದೂ ಬಿಡದೆ. ಆ ಓಣಿ ಅವಳ ಹುಟ್ಟೂರಲ್ಲ. ಮೈಮೂನತ್ತೆಯ ಮನೆಗೆಂದು ಚಿಕ್ಕಂದಿನಲ್ಲಿ ರಜೆಗೆ ಬಂದುಹೋಗುತ್ತಿದ್ದ ಜಾಗ. ಯಾವ ಮನೆಯಲ್ಲಿ ಯಾರಿಗೆ ಯಾವ ಕಾಲು ನೋವು ಎಂಬುದೂ ಅವಳಲ್ಲಿತ್ತು.

ಮನೆಗಳೆಲ್ಲ ಒಳಗೆ ಬಂದ ಮೇಲೆ, ರೈಲಿನದ್ದನ್ನೂ ನಾನು ಸ್ವಲ್ಪ ಬಿಚ್ಚಿದ ಮೇಲೆ ನಲವತ್ತನಾಲ್ಕು ಪುಟವಾಯಿತು. ಕೊನೆಯ ಒಂದು ಪುಟ ಖಾಲಿ ಉಳಿಯಿತು. ಖಾಲಿ ಪುಟವನ್ನು ಹಾಗೇ ಬಿಡುವುದು ನಮ್ಮ ಕಸುಬಿನಲ್ಲಿಲ್ಲ. ಏನು ಹಾಕುವುದೆಂದು ಹೆರಾಲ್ಡ್ ಅಕ್ಕನಿಗೆ ಫೋನು ಮಾಡಿ ಕೇಳಿದರು. "ಪಬ್ಬಿನ ಹಿಂದೆ ಹೊಸ ಮನೆ ಕಟ್ಟುತ್ತಿದ್ದಾರಂತೆ. ಜಾಗ ಇರಲಿ ಅನ್ನುತ್ತಾಳೆ" ಎಂದರು. ಕೆರೆಯ ಸಾಲಿನಿಂದ ಸ್ಥಳೀಯರನ್ನು ನಾನೇ ತೆಗೆದೆ. ಗೋಪುರ ಮತ್ತೆ ವಾಲಿತು.

ಪುಸ್ತಕ ವಿಮಾನದ ಹಿಂದಿನ ದಿನ ಕೈಗೆ ಬಂತು. ಡೊರೊತಿ ಅದನ್ನು ಕಿಟಕಿಯ ಬಳಿ ಕುಳಿತು, ಭೂತಗನ್ನಡಿ ಹಿಡಿದು, ಐದು ದಿನ ತೆಗೆದುಕೊಂಡು ಓದಿದರಂತೆ. ಆರನೆಯ ದಿನ ಹೆರಾಲ್ಡರಿಂದ ನನಗೊಂದು ಸಂದೇಶ: "ಒಂದು ತಪ್ಪು ಸಿಕ್ಕಿದೆ. ಪ್ಲಮ್ ಮರ ಪ್ರಾಟ್ ಮನೆಯದಲ್ಲ, ಪಕ್ಕದವರದು. ಟೈಪ್ ಮಾಡಿದವರಿಗೆ ಹೇಳು ಎಂದಿದ್ದಾಳೆ." ನಾನು ಜೆರಾಕ್ಸ್ ತೆಗೆದು ನೋಡಿದೆ. ಪ್ರಾಟ್ ಎಂದೇ ಇತ್ತು, ಅವರದೇ ಕೈಬರಹದಲ್ಲಿ. ಇಪ್ಪತ್ತು ವರ್ಷದ ಕಸುಬಿನಲ್ಲಿ ದಾಖಲೆ ನನ್ನ ಪರವಾಗಿರುವುದು ಅಪರೂಪ. "ಕ್ಷಮಿಸಿ, ನನ್ನ ತಪ್ಪು" ಎಂದು ಉತ್ತರ ಬರೆದೆ.

ಹೆರಾಲ್ಡ್ ಸೆಪ್ಟೆಂಬರಿನಲ್ಲಿ ಮರಳಿದರು, ಮತ್ತೆ ಎಂಟು ತಿಂಗಳು ಅದೇ ಕುರ್ಚಿಯಲ್ಲಿ ಕೂತರು. ಇಲ್ಲಿ ಸದ್ಯ ಎಂಬ ಪದಕ್ಕೆ ನಾವು ಯಾರೂ ನಗುವ ಹಾಗಿಲ್ಲ. ಗುರುತಿನ ಚೀಟಿ ನವೀಕರಿಸುವ ಕೌಂಟರಿನ ಸಾಲಿನಲ್ಲಿ ಯಾರನ್ನು ಕೇಳಿದರೂ ಸದ್ಯಕ್ಕೆ ಇದ್ದೇನೆ ಎಂದೇ ಹೇಳುತ್ತಾರೆ. ಹೇಳುವವರ ಕೂದಲು ಮಾತ್ರ ಪ್ರತಿ ಸಲ ಬೆಳ್ಳಗಾಗಿರುತ್ತದೆ. ಆ ಸಲ ಹೆರಾಲ್ಡ್ ನವೀಕರಿಸಲಿಲ್ಲ. ಚಹಾದ ಮಗ್ಗನ್ನು ಸದಾನಂದನಿಗೆ ಕೊಟ್ಟು ಊರಿಗೆ ಹೋದರು. ಸದಾನಂದ ಅದರಲ್ಲಿ ಈವರೆಗೆ ಚಹಾ ಕುಡಿದಿಲ್ಲ, ಪೆನ್ನು ಹಾಕಿಟ್ಟಿದ್ದಾನೆ. ತಿಂಗಳೊಂದರ ನಂತರ ನನಗೆ ಈ ಬಟ್ಟೆ ಅಂಚೆಯಲ್ಲಿ ಬಂತು. ಊರಿನ ಬಸ್ ತಂಗುದಾಣದ ಮಾಡಿನ ರಿಪೇರಿಗೆ ಹಣ ಕೂಡಿಸಲು ಚರ್ಚಿನವರು ಮಾಡಿಸಿದ್ದಂತೆ. ಜೊತೆಗೆ ಒಂದು ಚೀಟಿ: "ಪಾತ್ರೆ ಒರೆಸು."

ಹೋದ ವಾರ ಹೆರಾಲ್ಡರಿಗೆ ಫೋನು ಮಾಡಿದ್ದೆ. ಡೊರೊತಿಗೆ ಈಗ ಅಕ್ಷರ ಕಾಣುವುದಿಲ್ಲ. ಸಂಜೆ ಚಹಾದ ಹೊತ್ತಿಗೆ ಹೆರಾಲ್ಡ್ ಆ ಪುಸ್ತಕದಿಂದ ಒಂದೆರಡು ಮನೆ ಓದಿ ಹೇಳುತ್ತಾರೆ.

"ಓದಿಸಿಕೊಳ್ಳುವುದು ಅವರಿಗೆ ಆಗುವುದಿಲ್ಲ ಎಂದಿದ್ದಿರಿ."

"ನಾನು ತಪ್ಪು ಓದಲಿ ಎಂದು ಕಾಯುತ್ತಾಳೆ. ಆ ಖುಷಿಗೆ ಕೇಳುತ್ತಾಳೆ."

"ನಿಮ್ಮ ಸಾಲು ಈಗ ತಪ್ಪಾಯಿತಲ್ಲ? ನೀವು ಊರಿನಲ್ಲಿದ್ದೀರಿ. ಮರುಮುದ್ರಣವಾದರೆ ತಿದ್ದಬೇಕು."

"ಒಮ್ಮೆ ಬಿಟ್ಟು ಓದಿ ನೋಡಿದೆ. ಹಿಡಿದಳು. ಇರುವ ಹಾಗೇ ಓದು ಅಂದಳು." ಆ ಕಡೆ ಕಪ್ಪಿನ ಸದ್ದು ಕೇಳಿತು. "ಈಗ ದಿನವೂ ಓದುತ್ತೇನೆ. ತಮ್ಮ ಹೆರಾಲ್ಡ್ ಸದ್ಯ ಊರಿನಲ್ಲಿಲ್ಲ. ಅವಳು ಕೈ ಚಾಚಿ ನನ್ನ ತೋಳು ಇದೆಯೇ ಎಂದು ಮುಟ್ಟಿ ನೋಡುತ್ತಾಳೆ. ಆಮೇಲೆ, ಪತ್ರಿಕೆಯವರ ಮಾತು ನಂಬಬಾರದು ಅನ್ನುತ್ತಾಳೆ."

ಫೋನು ಇಟ್ಟು ಅಡುಗೆಕೋಣೆಗೆ ಹೋದೆ. ನಫೀಸಾ ಲೋಟಗಳನ್ನು ತೊಳೆದು ಬೋರಲು ಹಾಕಿದ್ದಳು. ಡ್ರಾಯರ್ ತೆಗೆದು ನೆದರ್ ಹೋಲ್ಟನ್ನು ಬಿಡಿಸಿ, ಒಂದು ಲೋಟ ಒರೆಸಿದೆ. ಅವಳು ಇನ್ನೊಂದು ಲೋಟವನ್ನು ನನ್ನ ಕಡೆಗೆ ಸರಿಸಿದಳು. ಎರಡನೆಯ ಲೋಟದ ಹೊತ್ತಿಗೆ ಬಟ್ಟೆಯಲ್ಲಿ ಚರ್ಚಿನ ಮುಂದೆ, ಬಾತುಕೋಳಿಗಳ ಸುತ್ತ, ಅಂಗೈಯಗಲ ಒದ್ದೆಯಾಗಿತ್ತು.

ಕೆರೆ ಒಣಗಿಲ್ಲ. ಇದಕ್ಕೆ ನಾನೇ ಸಾಕ್ಷಿ.